ಸಂದರ್ಶನದ ಮೇಜಿನ ಆಚೆ ಕುಳಿತವರು ಯಾರು?

(ಪಿಯುಸಿ ಹಾಗೂ ಪದವಿ ವಿದ್ಯಾರ್ಥಿಗಳು ಮತ್ತು ಅವರ ಪೋಷಕರಿಗಾಗಿ ಏರ್ಪಡಿಸಲಾದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ವೃತ್ತಿ ಮಾರ್ಗದರ್ಶನವೆಂದರೆ ನಮ್ಮ ಪಟ್ಟಣಗಳ ಮನೆಗಳಲ್ಲಿ ಕೇಳಿ ಬರುವ ಹೆಸರುಗಳು ನಾಲ್ಕೈದು ಮಾತ್ರ. ಮೆಡಿಕಲ್, ಇಂಜಿನಿಯರಿಂಗ್, ಅದಾಗದಿದ್ದರೆ ಫಾರ್ಮಸಿ ಅಥವಾ ನರ್ಸಿಂಗ್, ಹೆಣ್ಣು ಮಕ್ಕಳಿಗಾದರೆ ಬಿ.ಎಡ್. ಇವುಗಳ ಮಧ್ಯೆ ಮಗಳೊಬ್ಬಳು ಮನಶ್ಶಾಸ್ತ್ರ ಕಲಿಯುತ್ತೇನೆಂದರೆ, ಹುಚ್ಚರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೀಯಾ ಎಂಬ ಪ್ರಶ್ನೆ ತಟ್ಟನೆ ಎದುರಾಗುತ್ತದೆ. ಆ ಆಸ್ಪತ್ರೆಯ ಕೆಲಸವೂ ದೊಡ್ಡ ಸೇವೆಯೇ. ಆದರೆ ನಾನಿಂದು ಮಾತನಾಡಲಿರುವುದು ಅದೇ ಶಾಸ್ತ್ರದ ಇನ್ನೊಂದು ಶಾಖೆಯ ಕುರಿತು. ಅದು ರೋಗಿಗಳನ್ನು ಅಧ್ಯಯನ ಮಾಡುವುದಿಲ್ಲ. ನಮ್ಮನ್ನು, ಅಂದರೆ ಕಚೇರಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಡಳಿತ ಮಂಡಳಿಯ ಸಭೆಯಲ್ಲಿ ಕುಳಿತಿರುವ ಆರೋಗ್ಯವಂತ ಜನರನ್ನು ಅಧ್ಯಯನ ಮಾಡುತ್ತದೆ. ಒಬ್ಬನು ಇನ್ನೊಬ್ಬನನ್ನು ಹೇಗೆ ಅಳೆಯುತ್ತಾನೆ, ಯಾಕೆ ನಂಬುತ್ತಾನೆ, ಯಾಕೆ ಸಂಶಯಿಸುತ್ತಾನೆ ಎಂಬುದೇ ಅದರ ವಿಷಯ. ಸಾಮಾಜಿಕ ಮನಶ್ಶಾಸ್ತ್ರ ಮತ್ತು ಔದ್ಯೋಗಿಕ ಮನಶ್ಶಾಸ್ತ್ರ ಎಂದು ಅದಕ್ಕೆ ಹೆಸರು.

ಮನಶ್ಶಾಸ್ತ್ರವು ಈ ನಾಡಿಗೆ ಹೊಸತೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಅದಕ್ಕೊಂದು ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿ ಬೆಳೆಸಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯೆಂಬ ಬಾನುಲಿ ಕೇಂದ್ರವನ್ನು ತೆರೆದರು. ಆ ಕೇಂದ್ರದ ಹೆಸರು ಎಲ್ಲರಿಗೂ ಗೊತ್ತು, ಅವರ ಶಾಸ್ತ್ರದ ಹೆಸರು ಮಾತ್ರ ನಮ್ಮ ಮನೆಗಳಿಗೆ ಇನ್ನೂ ತಲುಪಿಲ್ಲ.

ಈ ಶಾಸ್ತ್ರದಿಂದ ನಮಗೇನು ಪ್ರಯೋಜನ ಎಂದು ತಾವು ಕೇಳಬಹುದು. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂತು. 2001ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಕೇವಲ ಶೇ. 3ರಷ್ಟಿದ್ದಾರೆಂದು ಅದು ತಿಳಿಸಿತು. ಒಳಗೆ ಎಷ್ಟು ಮಂದಿಯಿದ್ದಾರೆ ಎಂಬುದನ್ನು ಆ ವರದಿ ಹೇಳಿತು. ಬಾಗಿಲ ಬಳಿ ಏನು ನಡೆಯುತ್ತದೆ ಎಂಬುದನ್ನು ಹೇಳಿದ್ದು ಮರುವರ್ಷ ಪ್ರಕಟವಾದ ಒಂದು ಅಧ್ಯಯನ. ಅಂದು ಯುಜಿಸಿಯ ಅಧ್ಯಕ್ಷರಾಗಿದ್ದ ಸುಖದೇವ್ ಥೋರಟ್ ಮತ್ತು ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಅಟ್ಟವೆಲ್ ಇದನ್ನು ಕೈಗೊಂಡಿದ್ದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಖಾಸಗಿ ಕಂಪೆನಿಗಳು ನೀಡಿದ್ದ 548 ಉದ್ಯೋಗ ಜಾಹೀರಾತುಗಳಿಗೆ ಅವರು 4,808 ಅರ್ಜಿಗಳನ್ನು ಕಳುಹಿಸಿದರು. ಅರ್ಜಿದಾರರೆಲ್ಲ ಕಾಲ್ಪನಿಕ ವ್ಯಕ್ತಿಗಳು. ವಿದ್ಯಾರ್ಹತೆ ಸಮಾನ, ಅನುಭವ ಸಮಾನ. ವ್ಯತ್ಯಾಸವಿದ್ದುದು ಹೆಸರಿನಲ್ಲಿ ಮಾತ್ರ: ಕೆಲವು ಮೇಲ್ಜಾತಿ ಹಿಂದೂ ಹೆಸರುಗಳು, ಕೆಲವು ದಲಿತ ಹೆಸರುಗಳು, ಕೆಲವು ಮುಸ್ಲಿಮ್ ಹೆಸರುಗಳು. ಮೇಲ್ಜಾತಿ ಹೆಸರಿನವನಿಗೆ ಕರೆ ಬರುವ ಸಂಭವವನ್ನು 1 ಎಂದಿಟ್ಟುಕೊಂಡರೆ, ದಲಿತ ಹೆಸರಿನವನಿಗೆ ಅದು 0.67, ಮುಸ್ಲಿಮ್ ಹೆಸರಿನವನಿಗೆ 0.33. ಅಭ್ಯರ್ಥಿಯ ಮುಖವನ್ನು ಯಾರೂ ನೋಡಿರಲಿಲ್ಲ, ಅವನು ಒಂದು ಮಾತನ್ನೂ ಆಡಿರಲಿಲ್ಲ. ಲಕೋಟೆಯೊಳಗಿನ ಹೆಸರೇ ತೀರ್ಪು ನೀಡಿತ್ತು.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗವಲ್ಲ. ಅಮೆರಿಕದ ಶಿಕಾಗೋ ಮತ್ತು ಬೋಸ್ಟನ್ ನಗರಗಳಲ್ಲಿ ಇದೇ ವಿಧಾನದಿಂದ ನಡೆಸಿ 2004ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಬಿಳಿಯರ ಹೆಸರಿನ ಅರ್ಜಿಗಳಿಗೆ ಕರಿಯರ ಹೆಸರಿನವುಗಳಿಗಿಂತ ಶೇ. 50ರಷ್ಟು ಹೆಚ್ಚು ಕರೆಗಳು ಬಂದಿದ್ದವು.

ಇಂತಹ ಅಂಕಿಗಳನ್ನು ಕೇಳಿದಾಗ ಸಿಟ್ಟು ಬರುವುದು ಸಹಜ, ಅದು ನ್ಯಾಯವೂ ಹೌದು. ಆದರೆ ಕೆಲವು ಮನೆಗಳಲ್ಲಿ ಈ ಸಿಟ್ಟು ಹತಾಶೆಯಾಗಿ ಬದಲಾಗಿ, "ಓದಿ ಏನು ಪ್ರಯೋಜನ, ನಮ್ಮವರಿಗೆ ಯಾರು ಕೆಲಸ ಕೊಡುತ್ತಾರೆ" ಎಂದು ಹುಡುಗನನ್ನು ಡಿಗ್ರಿಯ ಎರಡನೇ ವರ್ಷದಲ್ಲೇ ಗಲ್ಫ್‌ಗೆ ಕಳುಹಿಸಿಬಿಡುತ್ತಾರೆ. ಅಂಥವರ ಮುಂದೆ ನಾನು ಇನ್ನೊಂದು ಅಧ್ಯಯನವನ್ನೂ ಇಡಬಯಸುತ್ತೇನೆ. 2009ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ದೆಹಲಿ ಪ್ರದೇಶದ ಕಂಪೆನಿಗಳ ಕುರಿತಾದ ಇಂತಹದೇ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಸಾಫ್ಟ್‌ವೇರ್ ಹುದ್ದೆಗಳಲ್ಲಿ ಜಾತಿಯ ಹೆಸರಿನಿಂದಾಗುವ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಕಾಲ್ ಸೆಂಟರ್ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳ ಹೆಸರಿಗೆ ಹಿನ್ನಡೆ ಕಂಡಿತು. ಮುಸ್ಲಿಮ್ ಹೆಸರಿಗೆ ತಾರತಮ್ಯವಾದದ್ದಕ್ಕೆ ಅಲ್ಲಿ ಪುರಾವೆ ದೊರೆಯಲಿಲ್ಲ. ಎರಡೂ ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ಒಂದನ್ನು ಮಾತ್ರ ಓದಿದವನು ನಿರಾಶನಾಗುತ್ತಾನೆ, ಇನ್ನೊಂದನ್ನು ಮಾತ್ರ ಓದಿದವನು ಅನ್ಯಾಯವೇ ಇಲ್ಲವೆಂದು ವಾದಿಸುತ್ತಾನೆ. ನನಗೆ ಇವುಗಳಿಂದ ತೋಚುವುದು ಇಷ್ಟು: ತಾರತಮ್ಯ ಎಲ್ಲೆಡೆ ಒಂದೇ ಪ್ರಮಾಣದಲ್ಲಿಲ್ಲ. ಕೌಶಲವನ್ನು ಖಚಿತವಾಗಿ ಅಳೆಯಲು ಸಾಧ್ಯವಿರುವಲ್ಲಿ ಹೆಸರಿಗೆ ಕೆಲಸ ಕಡಿಮೆ. 'ಇವನು ನಮಗೆ ಹೊಂದಿಕೊಳ್ಳುತ್ತಾನೆಯೇ' ಎಂಬ ಅಸ್ಪಷ್ಟ ಪ್ರಶ್ನೆಗೆ ಎಡೆಯಿರುವಲ್ಲಿ ಹೆಸರು ಬಂದು ಕುಳಿತುಕೊಳ್ಳುತ್ತದೆ.

ಆಯ್ಕೆ ಮಾಡುವವನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಅವನೆದುರು ಮುನ್ನೂರು ಅರ್ಜಿಗಳಿವೆ, ಸಂಜೆಯೊಳಗೆ ಅವನ್ನು ಇಪ್ಪತ್ತಕ್ಕೆ ಇಳಿಸಬೇಕು. ಅವನು ದುಷ್ಟನಾಗಿರಬೇಕಾಗಿಲ್ಲ. ಸಮಯ ಕಡಿಮೆಯಿದ್ದು ಮಾಹಿತಿ ಅರೆಬರೆಯಾಗಿದ್ದಾಗ ಮನಸ್ಸು ಆ ಖಾಲಿ ಜಾಗವನ್ನು ತನಗೆ ಮೊದಲೇ ಪರಿಚಿತವಾದ ಚಿತ್ರಗಳಿಂದ ತುಂಬಿಸಿಕೊಳ್ಳುತ್ತದೆ. ಆ ಚಿತ್ರಗಳು ಟಿವಿಯಿಂದ ಬಂದಿರಬಹುದು, ನೆರೆಮನೆಯ ಮಾತಿನಿಂದ ಬಂದಿರಬಹುದು. ಸಂದರ್ಶನದಲ್ಲೂ ಇದೇ ಕತೆ. ಯಾವ ಊರು, ತಂದೆ ಏನು ಮಾಡುತ್ತಾರೆ, ಮದುವೆಯಾದ ಮೇಲೆ ಕೆಲಸ ಬಿಡುತ್ತೀಯಾ ಎಂದು ಬಾಯಿಗೆ ಬಂದಂತೆ ಹರಟುವ ಸಂದರ್ಶನವು ಅಭ್ಯರ್ಥಿಯ ಸಾಮರ್ಥ್ಯವನ್ನಲ್ಲ, ಪ್ರಶ್ನೆ ಕೇಳುವವನ ಅಭಿರುಚಿಯನ್ನು ಅಳೆಯುತ್ತದೆ.

ಇದಕ್ಕೆ ಔದ್ಯೋಗಿಕ ಮನಶ್ಶಾಸ್ತ್ರ ಕಂಡುಕೊಂಡ ಪರಿಹಾರ ಬಹಳ ಸರಳ. ಹುದ್ದೆಗೆ ಬೇಕಾದ ಗುಣಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು. ಪ್ರತಿ ಉತ್ತರಕ್ಕೂ ಆಗಿಂದಾಗಲೇ ಅಂಕ ನೀಡಬೇಕು, ಕೊನೆಗೆ ಕೂಡಿಸಬೇಕು. ವ್ಯವಸ್ಥಿತ ಸಂದರ್ಶನವೆಂದು ಇದನ್ನು ಕರೆಯುತ್ತಾರೆ. ಪಾಲ್ ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು ದಶಕಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಲೆಕ್ಕ ಹಾಕಿದರು. ಸಂದರ್ಶನದ ಅಂಕಕ್ಕೂ ಮುಂದೆ ಆ ವ್ಯಕ್ತಿ ನಿಜವಾಗಿ ಮಾಡುವ ಕೆಲಸಕ್ಕೂ ಪೂರ್ಣ ಹೊಂದಾಣಿಕೆಯಿದ್ದರೆ 1, ಸಂಬಂಧವೇ ಇಲ್ಲದಿದ್ದರೆ 0 ಎಂದುಕೊಳ್ಳಿ. ಹರಟೆಯ ಸಂದರ್ಶನಕ್ಕೆ ಸಿಕ್ಕಿದ್ದು 0.19, ವ್ಯವಸ್ಥಿತ ಸಂದರ್ಶನಕ್ಕೆ 0.42. ಅವರು ಪರಿಶೀಲಿಸಿದ ಆಯ್ಕೆ ವಿಧಾನಗಳಲ್ಲೆಲ್ಲ ಇದೇ ಅಗ್ರಸ್ಥಾನದಲ್ಲಿತ್ತು. ಅಂದರೆ ನ್ಯಾಯಯುತ ವಿಧಾನವು ಕಂಪೆನಿಗೂ ಲಾಭದಾಯಕವೇ.

ಪ್ರಶ್ನಾವಳಿಯನ್ನು ಬರೆಯುವವರು ಯಾರು? ಅರ್ಜಿ ನಮೂನೆಯಲ್ಲಿ ಯಾವ ಅಂಕಣ ಇರಬೇಕು, ಯಾವುದು ಇರಬಾರದು ಎಂದು ನಿರ್ಧರಿಸುವವರು ಯಾರು? ಮಾನವ ಸಂಪನ್ಮೂಲ ವಿಭಾಗದವರು, ಪರೀಕ್ಷೆಗಳನ್ನು ರಚಿಸುವ ಮನಶ್ಶಾಸ್ತ್ರಜ್ಞರು, ಕಾರ್ಮಿಕ ಕಲ್ಯಾಣ ಅಧಿಕಾರಿಗಳು. ಮೇಜಿನ ಈಚೆ ಕುಳಿತು ಉತ್ತರಿಸಲು ನಾವು ಮಕ್ಕಳನ್ನು ತಯಾರು ಮಾಡುತ್ತಿದ್ದೇವೆ. ಮೇಜಿನ ಆಚೆ ಕುಳಿತು ಪ್ರಶ್ನೆ ರಚಿಸಲು ಯಾರನ್ನೂ ತಯಾರು ಮಾಡುತ್ತಿಲ್ಲ. ಅಲ್ಲಿ ನಮ್ಮವರು ಕುಳಿತು ನಮ್ಮವರಿಗೆ ಕೆಲಸ ಕೊಡಿಸಬೇಕೆಂದು ನಾನು ಹೇಳುತ್ತಿಲ್ಲ, ಅದು ಅದೇ ರೋಗದ ಇನ್ನೊಂದು ರೂಪ. ನಿಯಮವನ್ನು ಸರಿಪಡಿಸಬಲ್ಲ ಜಾಗದಲ್ಲಿ ಎಲ್ಲ ಸಮುದಾಯಗಳ ಜನರೂ ಇರಬೇಕು ಎಂಬುದಷ್ಟೇ ನನ್ನ ವಾದ.

ದಾರಿ ಕಷ್ಟದ್ದಲ್ಲ. ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಮನಶ್ಶಾಸ್ತ್ರವಿರುವ ಬಿ.ಎ. ಪದವಿಗೆ ಸೇರಬಹುದು. ಅನಂತರ ಎಂ.ಎ. ಅಥವಾ ಎಂ.ಎಸ್ಸಿ. ಮನಶ್ಶಾಸ್ತ್ರ, ಇಲ್ಲವೇ ಮಾನವ ಸಂಪನ್ಮೂಲದಲ್ಲಿ ಎಂ.ಬಿ.ಎ. ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆ ಎಂ.ಎಸ್.ಡಬ್ಲ್ಯು. ಇದೆ. 1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣ ಅಧಿಕಾರಿ ಇರಲೇಬೇಕೆಂದು ವಿಧಿಸಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಒಂದು ಎಚ್ಚರಿಕೆ ಮಾತ್ರ: ಮಾನಸಿಕ ರೋಗಗಳಿಗೆ ಚಿಕಿತ್ಸೆ ನೀಡುವ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಾಗಲು ಪ್ರತ್ಯೇಕ ತರಬೇತಿ ಮತ್ತು ನೋಂದಣಿ ಅಗತ್ಯ. ಮೂರು ತಿಂಗಳ ಸರ್ಟಿಫಿಕೇಟ್ ಹಿಡಿದು ಬೋರ್ಡು ತೂಗುಹಾಕುವವರನ್ನು ನಂಬಬೇಡಿ, ನೀವೂ ಹಾಗೆ ಮಾಡಬೇಡಿ.

ಹೆಣ್ಣು ಮಕ್ಕಳ ಪೋಷಕರಿಗೊಂದು ಮಾತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಕಚೇರಿಯಲ್ಲೂ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಮಹಿಳೆಯೇ ಅದರ ಅಧ್ಯಕ್ಷೆ, ಜೊತೆಗೆ ಹೊರಗಿನ ಸದಸ್ಯರೊಬ್ಬರು ಕಡ್ಡಾಯ. ಇದನ್ನು ಅರಿತ ಮಹಿಳೆಯರು ನಮ್ಮ ಪಟ್ಟಣಗಳಲ್ಲಿ ಎಷ್ಟಿದ್ದಾರೆ? ಕೆಲಸದ ಸ್ಥಳ ಸುರಕ್ಷಿತವಲ್ಲವೆಂದು ಮಗಳನ್ನು ತಡೆಯುವ ಮೊದಲು, ಆ ಸ್ಥಳವನ್ನು ಸುರಕ್ಷಿತಗೊಳಿಸುವ ವೃತ್ತಿಯೊಂದು ಇದೆಯೆಂಬುದನ್ನು ತಿಳಿದುಕೊಳ್ಳಿ.

ಇನ್ನು ನಮ್ಮ ಒಳಗಿನ ವಿಷಯ. ಸಮುದಾಯದ ಶಾಲೆಗಳಲ್ಲಿ, ಅಂಗಡಿಗಳಲ್ಲಿ ನಾವು ನೇಮಕ ಮಾಡುವುದು ಹೇಗೆ? ಕಾರ್ಯದರ್ಶಿಯ ಭಾವನ ಮಗ, ಅಧ್ಯಕ್ಷರ ಊರಿನವನು, ನಮ್ಮ ಸಂಘಟನೆಯವನು. ಅರ್ಹ ಶಿಕ್ಷಕಿಯೊಬ್ಬಳು ಪರಿಚಯವಿಲ್ಲದ ಕಾರಣಕ್ಕೆ ಮರಳಿ ಹೋಗುತ್ತಾಳೆ. ಹೆಸರು ನೋಡಿ ತಿರಸ್ಕರಿಸಿದ ಆ ಕಂಪೆನಿಯವನಿಗೂ ಇದಕ್ಕೂ ಏನು ವ್ಯತ್ಯಾಸ?

1977ರಲ್ಲಿ ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ದೋಷಕ್ಕೆ ಹೆಸರಿಟ್ಟರು. ಇತರರ ನಡತೆಗೆ ಅವರ ಸ್ವಭಾವವೇ ಕಾರಣವೆಂದು ಬಗೆದು ಸಂದರ್ಭವನ್ನು ಮರೆಯುವ ದೋಷವದು. ಅಂಗಡಿಯ ಹುಡುಗ ಅರ್ಧ ಗಂಟೆ ತಡವಾಗಿ ಬಂದರೆ ಅವನು ಸೋಮಾರಿ. ಸ್ವಂತ ಮಗ ತಡವಾಗಿ ಬಂದರೆ ಬಸ್ಸು ಸಿಗಲಿಲ್ಲ. ಸೊಸೆ ಮೌನವಾಗಿದ್ದರೆ ಅಹಂಕಾರ, ಮಗಳು ಮೌನವಾಗಿದ್ದರೆ ಆಯಾಸ. (ಈ ಮಾತಿಗೆ ಹಿಂದಿನ ಸಾಲಿನಿಂದ ನಗು ಕೇಳಿ ಬರುತ್ತಿದೆ, ಮುಂದಿನ ಸಾಲಿನ ಹಿರಿಯರು ನಗುತ್ತಿಲ್ಲ!) ಬೈಯುವ ಮೊದಲು ಏನಾಯಿತು ಎಂದು ಒಮ್ಮೆ ಕೇಳುವುದಕ್ಕೆ ಯಾವ ಪದವಿಯೂ ಬೇಕಾಗಿಲ್ಲ.

ಸಮುದಾಯಗಳ ನಡುವಿನ ಸಂಬಂಧದ ಬಗ್ಗೆಯೂ ಈ ಶಾಸ್ತ್ರಕ್ಕೆ ಹೇಳುವುದಿದೆ. ಅದರ ಆದಿ ಪುರುಷರಲ್ಲಿ ಒಬ್ಬರು ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮುಝಫರ್ ಶರೀಫ್. 1954ರ ಬೇಸಿಗೆಯಲ್ಲಿ ಅವರು ಒಕ್ಲಹಾಮಾದ ಶಿಬಿರವೊಂದಕ್ಕೆ 22 ಹುಡುಗರನ್ನು ಕರೆದೊಯ್ದು ಎರಡು ತಂಡ ಮಾಡಿದರು. ಸ್ಪರ್ಧೆಗಳನ್ನು ಏರ್ಪಡಿಸಿದೊಡನೆ ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಗುಡಿಸಲುಗಳಿಗೆ ನುಗ್ಗುವುದು ಶುರುವಾಯಿತು. ಸಂಧಾನಕ್ಕಾಗಿ ಅವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅವರು ಪರಸ್ಪರ ಆಹಾರವನ್ನೇ ಎಸೆದರು. ಬಳಿಕ ಶಿಬಿರದ ನೀರು ನಿಂತಿತು, ಊಟ ತರಬೇಕಾದ ಲಾರಿ ಕೆಟ್ಟು ನಿಂತಿತು. ಇವು ಸಂಶೋಧಕರೇ ಹೂಡಿದ ಸಮಸ್ಯೆಗಳಾಗಿದ್ದವು. ಹಗ್ಗಜಗ್ಗಾಟದ ಹಗ್ಗದಿಂದಲೇ ಎರಡೂ ತಂಡಗಳು ಸೇರಿ ಲಾರಿಯನ್ನು ಎಳೆದವು. ಇಂತಹ ಕೆಲಸಗಳ ನಂತರ ಹಗೆತನ ಕ್ರಮೇಣ ಇಳಿಯಿತು. ಹಿಂದಿನ ವರ್ಷ ನಡೆಸಿದ್ದ ಇಂತಹದೇ ಶಿಬಿರದ ಕತೆ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಅಲ್ಲಿ ಹುಡುಗರು ದೊಡ್ಡವರ ಕೈವಾಡವನ್ನು ಸಂಶಯಿಸಿ, ತಮ್ಮತಮ್ಮೊಳಗೆ ಜಗಳಕ್ಕಿಳಿಯಲು ಒಪ್ಪದೆ ಪ್ರಯೋಗವನ್ನೇ ವಿಫಲಗೊಳಿಸಿದ್ದರು. ಈ ಎರಡನೆಯ ಕತೆಯೂ ನಮ್ಮ ಊರುಗಳಿಗೆ ತಿಳಿದಿರಬೇಕಾದದ್ದು.

ನಾವು ವರ್ಷಕ್ಕೊಮ್ಮೆ ಸೌಹಾರ್ದ ಸಭೆ, ಇಫ್ತಾರ್ ಕೂಟ ನಡೆಸುತ್ತೇವೆ. ವೇದಿಕೆಯಲ್ಲಿ ಶಾಲು ಹೊದಿಸುತ್ತೇವೆ, ಬಿರಿಯಾನಿ ಬಡಿಸುತ್ತೇವೆ. ಅದು ಬೇಡವೆನ್ನಲಾರೆ. ಆದರೆ ವಾರ್ಡಿನ ಚರಂಡಿ ಸರಿಪಡಿಸಲು, ಸರಕಾರಿ ಶಾಲೆಯನ್ನು ಉಳಿಸಲು, ರಕ್ತದಾನಕ್ಕೆ ಜೊತೆಯಾಗಿ ಓಡಾಡಿದ ನಾಲ್ಕು ತಿಂಗಳು ಆ ಒಂದು ಸಂಜೆಗಿಂತ ಹೆಚ್ಚಿನದನ್ನು ಮಾಡುತ್ತವೆ. ಗುಂಪುಗಳ ನಡುವಣ ಒಡನಾಟದ ಕುರಿತ 515 ಅಧ್ಯಯನಗಳನ್ನು ಪೆಟಿಗ್ರೂ ಮತ್ತು ಟ್ರಾಪ್ 2006ರಲ್ಲಿ ಒಟ್ಟುಗೂಡಿಸಿದರು. ಒಡನಾಟವು ಸಾಮಾನ್ಯವಾಗಿ ಪೂರ್ವಗ್ರಹವನ್ನು ತಗ್ಗಿಸುತ್ತದೆ, ಸಮಾನ ಸ್ಥಾನ ಮತ್ತು ಸಮಾನ ಗುರಿಗಳಿದ್ದಾಗ ಇನ್ನಷ್ಟು ತಗ್ಗಿಸುತ್ತದೆ ಎಂದು ಅವರು ಕಂಡುಕೊಂಡರು.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಈ ವಿಷಯವನ್ನು ಆರಿಸಿಕೊಳ್ಳುವುದಾದರೆ ಕಾಲೇಜಿಗೆ ಅರ್ಜಿ ಹಾಕುವ ಮೊದಲು ಎರಡನ್ನು ವಿಚಾರಿಸಿ: ಸಂಖ್ಯಾಶಾಸ್ತ್ರವನ್ನು ಚೆನ್ನಾಗಿ ಕಲಿಸುತ್ತಾರೆಯೇ, ಮತ್ತು ಕಾರ್ಖಾನೆ ಅಥವಾ ಕಚೇರಿಗಳಿಗೆ ಪ್ರಾಯೋಗಿಕ ತರಬೇತಿಗಾಗಿ ಕಳುಹಿಸುತ್ತಾರೆಯೇ? ಇವೆರಡೂ ಇಲ್ಲದ ಕಡೆ ಕಟ್ಟಡ ಎಷ್ಟೇ ಚೆಂದವಿದ್ದರೂ ಸೇರಬೇಡಿ. ಪೋಷಕರಿಗೆ ಸಂದೇಹಗಳಿದ್ದರೆ ಈಗ ಕೇಳಬಹುದು.