ಭಾರ ಲೋಹಗಳು ಮತ್ತು ಗಂಡಸಿನ ಬಂಜೆತನ

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬಿತ್ತಿದ ಬೀಜ ಮೊಳೆಯದಿದ್ದರೆ ರೈತನಾದವನು ಭೂಮಿಯನ್ನು ಮಾತ್ರ ದೂರುವುದಿಲ್ಲ. ಬೀಜ ಹಳೆಯದಾಗಿತ್ತೇ, ಮುಗ್ಗಲು ಹಿಡಿದಿತ್ತೇ ಎಂದು ನೋಡುತ್ತಾನೆ. ನೂರು ಕಾಳುಗಳನ್ನು ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸುತ್ತಾನೆ. ಅದೇ ರೈತನ ಮನೆಯಲ್ಲಿ ಮದುವೆಯಾಗಿ ನಾಲ್ಕೈದು ವರ್ಷ ಕಳೆದರೂ ತೊಟ್ಟಿಲು ತೂಗದಿದ್ದರೆ ಈ ವಿವೇಕ ಎಲ್ಲಿಗೋ ಹೋಗಿಬಿಡುತ್ತದೆ. ಸೊಸೆ ಅಶ್ವತ್ಥಕಟ್ಟೆ ಸುತ್ತಬೇಕು, ನಾಗರಪ್ರತಿಷ್ಠೆ ಮಾಡಿಸಬೇಕು, ಆಸ್ಪತ್ರೆಯಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆಯೂ ಅವಳಿಗೇ. ಕೊನೆಗೆ ಮಗನಿಗೆ ಎರಡನೆಯ ಮದುವೆಯ ಮಾತೂ ಎದ್ದುಬಿಡುತ್ತದೆ. ಅಷ್ಟರವರೆಗೂ ಗಂಡನ ವೀರ್ಯ ಪರೀಕ್ಷೆ ಒಮ್ಮೆಯೂ ಆಗಿರುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಸಂಗಗಳಲ್ಲಿ ಗಂಡಸಿನ ಕೊರತೆ ಪೂರ್ಣವಾಗಿಯೋ ಭಾಗಶಃವೋ ಕಾರಣವಾಗಿರುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಬಹಳ ಕಾಲದಿಂದ ತಿಳಿದ ಸಂಗತಿ.

ಈ ಕೊರತೆಗೆ ಕಾರಣಗಳು ಹಲವು. ವೃಷಣದ ರಕ್ತನಾಳಗಳು ಊದಿಕೊಳ್ಳುವುದು, ಹಿಂದೆ ಬಂದುಹೋದ ಮಂಗನಬಾವು, ಹುಟ್ಟಿನಿಂದ ಬಂದ ದೋಷ ಮುಂತಾದವು ವೈದ್ಯರಿಗೆ ಬಿಟ್ಟ ವಿಷಯಗಳು. ಹೊಲ, ನೀರು, ಹೊಗೆ ಮತ್ತು ದುಡಿಮೆಯ ಜಾಗದಿಂದ ಮೈ ಸೇರುವ ಸೀಸ ಮತ್ತು ಕ್ಯಾಡ್ಮಿಯಂ ಎಂಬ ಎರಡು ಭಾರ ಲೋಹಗಳ ವಿಚಾರ ಮಾತ್ರ ರೈತರೂ ಅರಿತಿರಬೇಕಾದದ್ದು.

ಮೊದಲು ಸೀಸ. 1975ರಲ್ಲಿ ರುಮೇನಿಯ ದೇಶದ ಸಂಶೋಧಕರು ಬ್ಯಾಟರಿ ಕಾರ್ಖಾನೆಯೊಂದರ 150 ಮಂದಿ ಕೆಲಸಗಾರರನ್ನು ಪರೀಕ್ಷಿಸಿದರು. ಮೈಯಲ್ಲಿ ಸೀಸ ಹೆಚ್ಚಾಗಿ ಸೇರಿದವರಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿದಿತ್ತು, ಅವುಗಳ ಚಲನೆ ಕುಂದಿತ್ತು, ಆಕಾರ ಕೆಟ್ಟವು ಹೆಚ್ಚಾಗಿದ್ದವು. ಮುಂದೆ ನಾನಾ ದೇಶಗಳಲ್ಲಿ ನಡೆದ ಪರೀಕ್ಷೆಗಳಿಂದ, 100 ಮಿಲಿಲೀಟರ್ ರಕ್ತದಲ್ಲಿ ಸೀಸ 40 ಮೈಕ್ರೋಗ್ರಾಂ ಮೀರಿದಾಗ ವೀರ್ಯದ ಗುಣ ಕೆಡುವುದು ಸ್ಪಷ್ಟವಾಗಿ ಕಂಡುಬರುತ್ತದೆಂದು ತಿಳಿದುಬಂದಿದೆ. ಆ ಮನುಷ್ಯ ಮೂಟೆ ಹೊರುತ್ತಿರುತ್ತಾನೆ, ಹೆಂಡತಿಯೊಡನೆ ಸಂಸಾರವನ್ನೂ ಮಾಡುತ್ತಿರುತ್ತಾನೆ. ಹೊರಗೆ ಯಾವ ಕುರುಹೂ ಇರುವುದಿಲ್ಲ. ಗಂಡಸುತನವೇ ಬೇರೆ, ಸಂತಾನಶಕ್ತಿಯೇ ಬೇರೆ ಎಂಬುದನ್ನು ಒಪ್ಪಿಕೊಳ್ಳುವುದು ಗಂಡಸರಿಗೆ ಕಷ್ಟವಾಗುವುದೂ ಇದರಿಂದಲೇ.

ಬ್ಯಾಟರಿ ಕಾರ್ಖಾನೆಗೂ ರೈತನಿಗೂ ಏನು ಸಂಬಂಧ ಎನ್ನಬಹುದು. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲೇ ನಿಂತಿತು, ನಿಜ. ಆದರೆ ಟ್ರ್ಯಾಕ್ಟರಿನ ಮತ್ತು ಮನೆಯ ಯು.ಪಿ.ಎಸ್.ನ ಹಳೆಯ ಬ್ಯಾಟರಿಗಳನ್ನು ಗುಜರಿಯವರು ಒಯ್ದು, ಊರಾಚೆ ಶೆಡ್ಡು ಹಾಕಿ, ಒಡೆದು ಕರಗಿಸುವುದು ನಿಂತಿಲ್ಲ. ಮಳೆ ಕೈಕೊಟ್ಟ ವರ್ಷ ಅಲ್ಲಿಗೆ ಕೂಲಿಗೆ ಹೋಗುವವರು ರೈತರ ಮಕ್ಕಳೇ. ಅಲ್ಲಿನ ಹೊಗೆ ಮತ್ತು ಧೂಳು ಉಸಿರಿನಲ್ಲಿ ಹೋಗುತ್ತವೆ. ಕೈ ತೊಳೆಯದೆ ಬೀಡಿ ಸೇದಿದರೆ, ಬುತ್ತಿ ಉಂಡರೆ ಬಾಯಲ್ಲೂ ಹೋಗುತ್ತವೆ. ಬಟ್ಟೆಗೆ ಅಂಟಿಕೊಂಡು ಮನೆಯ ಕೂಸಿನವರೆಗೂ ಬರುತ್ತವೆ. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಹಿಂತಿರುಗಿಸುವುದು ಉತ್ತಮ.

ಇನ್ನು ಕ್ಯಾಡ್ಮಿಯಂ. 1956ರಲ್ಲಿ ಪ್ರಾಗ್ ನಗರದ ಪಾರಿಝೆಕ್ ಮತ್ತು ಜಾಹೋರ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಕ್ಯಾಡ್ಮಿಯಂ ಲವಣವನ್ನು ಒಂದೇ ಸಲ ಚುಚ್ಚಿದಾಗ ಅವುಗಳ ವೃಷಣಗಳೇ ನಾಶವಾದವು. ಜೊತೆಗೆ ಸತುವಿನ ಲವಣವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಈ ಹಾನಿ ತಪ್ಪಿತೆಂಬುದು ಮುಂದಿನ ಪ್ರಯೋಗದಲ್ಲಿ ಗೊತ್ತಾಯಿತು. ಸತುವು ಮತ್ತು ಕ್ಯಾಡ್ಮಿಯಂ ಒಂದೇ ಗುಂಪಿನ ಧಾತುಗಳು; ಒಂದರ ದಾರಿಯಲ್ಲಿ ಇನ್ನೊಂದು ನುಸುಳುತ್ತದೆ. ಇಲಿಗೆ ಚುಚ್ಚಿದಷ್ಟು ಪ್ರಮಾಣ ಯಾರ ಊಟದಲ್ಲೂ ಇರುವುದಿಲ್ಲ, ಮನುಷ್ಯರ ವಿಷಯದಲ್ಲಿ ಸೀಸದಷ್ಟು ಖಚಿತವಾದ ಪುರಾವೆಯೂ ಇಲ್ಲ. ಆದರೂ ಒಮ್ಮೆ ಮೈ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಿಪ್ಪತ್ತು ವರ್ಷ ಕುಳಿತುಬಿಡುತ್ತದೆಯಾದ್ದರಿಂದ ಸ್ವಲ್ಪವೆಂದು ಕಡೆಗಣಿಸುವಂತಿಲ್ಲ.

ಮಣ್ಣಿನಿಂದ ಕ್ಯಾಡ್ಮಿಯಂ ಅನ್ನು ಎಲೆಗೆ ಎಳೆದುಕೊಳ್ಳುವುದರಲ್ಲಿ ತಂಬಾಕಿನ ಗಿಡ ಬಲು ಗಟ್ಟಿ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಅದನ್ನು ಬೆಳೆಯುವವರಿಗೆ ಈ ಮಾತು ಹಿಡಿಸಲಾರದು. ಹೊಗೆಬತ್ತಿ ಸೇದುವವರ ರಕ್ತದಲ್ಲಿ ಸೇದದವರಿಗಿಂತ ಹಲವು ಪಟ್ಟು ಕ್ಯಾಡ್ಮಿಯಂ ಇರುತ್ತದೆ. ಮಗು ಬೇಕೆಂಬ ಗಂಡಸು ಮೊದಲು ಬಿಡಬೇಕಾದದ್ದು ಬೀಡಿ, ಸಿಗರೇಟು.

ತಂಬಾಕಿನ ನಂತರ ಸೊಪ್ಪು. ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ನೀರನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆ ಸೇರಿ, ಅಲ್ಲಿಂದ ಕಾಲುವೆಗಳಲ್ಲಿ ಹೊಲಗಳಿಗೆ ಹರಿದುಬಂದಿದೆ. ಇಂಥ ನೀರಿನಲ್ಲಿ ಸಾರಜನಕ ಧಾರಾಳ, ಬೆಳೆ ಕಪ್ಪಗೆ ಸೊಕ್ಕಿ ಬರುತ್ತದೆ. ಲೋಹ ಕಣ್ಣಿಗೆ ಕಾಣುವುದಿಲ್ಲ, ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ಆ ಭಾಗದ ಗಂಡಸರೆಲ್ಲ ಸಂತಾನಶಕ್ತಿ ಕಳೆದುಕೊಂಡರೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಅಲ್ಲಿ ಪಾಲಕ್, ದಂಟು, ಕೊತ್ತಂಬರಿ ಬೆಳೆಯದೆ ಹೂವಿನ ಬೆಳೆಗೆ ತಿರುಗುವುದು ಜಾಣತನ. ಸೊಪ್ಪಿನ ಮೇಲೆ ಕುಳಿತ ಸೀಸದ ಧೂಳು ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ, ಬೇರಿನಿಂದ ಒಳಗೆ ಸೇರಿದ ಕ್ಯಾಡ್ಮಿಯಂ ಹೋಗುವುದಿಲ್ಲ. ಹುಳಿ ಮಣ್ಣಿನಲ್ಲಿ ಬೆಳೆ ಅದನ್ನು ಹೆಚ್ಚು ಹೀರುತ್ತದೆ. ಸುಣ್ಣ ಹಾಕಿ ರಸಸಾರವನ್ನು 6.5ಕ್ಕೆ ಏರಿಸಿದರೆ ಹೀರಿಕೆ ತಗ್ಗುತ್ತದೆ. ಕೊಟ್ಟಿಗೆ ಗೊಬ್ಬರವೂ ಲೋಹವನ್ನು ಹಿಡಿದಿಡುತ್ತದೆ. ಸತುವಿನ ಕೊರತೆ ಇರುವ ಹೊಲಕ್ಕೆ ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟ್ ಕೊಡುವುದರಿಂದ ಇಳುವರಿಯ ಜೊತೆಗೆ ಈ ಪ್ರಯೋಜನವೂ ದೊರೆಯಬಹುದು.

ಕೆಲವರು ಇಷ್ಟೆಲ್ಲ ಏಕೆ, ಪ್ರನಾಳ ಶಿಶು ಇದೆಯಲ್ಲ ಎನ್ನುತ್ತಾರೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. 1992ರಲ್ಲಿ ಬೆಲ್ಜಿಯಂನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ವಿಧಾನದಿಂದ ಗರ್ಭ ನಿಲ್ಲಿಸಿದ್ದನ್ನು ಪ್ರಕಟಿಸಿದರು. ಇದರಿಂದ ಎಷ್ಟೋ ಮನೆಗಳಲ್ಲಿ ಬೆಳಕು ಮೂಡಿದೆ. ಆದರೆ ವೀರ್ಯದ್ರವದಲ್ಲಿ ಸೀಸ ಹೆಚ್ಚಿದಷ್ಟೂ ಪ್ರನಾಳದಲ್ಲಿ ಅಂಡಗಳು ಫಲಿತವಾಗುವುದು ಕಡಿಮೆಯಾಯಿತೆಂದು 2003ರಲ್ಲಿ ಅಮೆರಿಕದ ಸಂಶೋಧಕರು 140 ಗಂಡಸರನ್ನು ಪರೀಕ್ಷಿಸಿ ವರದಿ ಮಾಡಿದ್ದಾರೆ. ಒಂದು ಬಾರಿಯ ಚಿಕಿತ್ಸೆಗೇ ಲಕ್ಷ ರೂಪಾಯಿ ಮೀರುವುದು ಸಾಮಾನ್ಯ. ಫಲಿಸದೆ ಹೋದರೆ ಅಡವಿಟ್ಟ ಒಡವೆಯೂ ಇಲ್ಲ, ಮಗುವೂ ಇಲ್ಲ. ಚುಚ್ಚುಮದ್ದಿನ ನೋವು ತಿನ್ನುವವಳು ಇಲ್ಲಿಯೂ ಹೆಣ್ಣೇ. ಸೀಸದ ಕೆಲಸ ಮಾಡುವ ಗಂಡ ಅದನ್ನು ಬಿಡದೆ, ರಕ್ತವನ್ನೂ ಪರೀಕ್ಷಿಸಿಕೊಳ್ಳದೆ ಹೆಂಡತಿಯನ್ನು ಈ ಚಿಕಿತ್ಸೆಗೆ ಒಡ್ಡುವುದು ನ್ಯಾಯವಲ್ಲ. ಹೋಗಲೇಬೇಕಾದಲ್ಲಿ 2021ರ ಕಾಯಿದೆಯಂತೆ ನೋಂದಣಿಯಾದ ಕೇಂದ್ರವೇ ಎಂದು ವಿಚಾರಿಸಿಕೊಳ್ಳಬೇಕು.

ಸತುವು ಇಲಿಯನ್ನು ಕಾಪಾಡಿತಲ್ಲ, ಸತುವಿನ ಗುಳಿಗೆ ನುಂಗಿದರಾಯಿತು ಎಂಬ ಯೋಚನೆ ಸಹಜ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 2,370 ದಂಪತಿಗಳ ಪ್ರಯೋಗದಲ್ಲಿ, ಸತುವು ಮತ್ತು ಫೋಲಿಕ್ ಆಮ್ಲ ಕೊಟ್ಟ ಗಂಡಸರ ವೀರ್ಯವೂ ಸುಧಾರಿಸಲಿಲ್ಲ, ಮಕ್ಕಳೂ ಹೆಚ್ಚಾಗಿ ಹುಟ್ಟಲಿಲ್ಲ. ಜಾಹೀರಾತಿನ ಗುಳಿಗೆಗಳಿಗೆ ಹಣ ಸುರಿಯುವ ಮುನ್ನ ಇದನ್ನು ನೆನೆಯುವುದು ಒಳಿತು.

ಸಮಾಧಾನದ ಸಂಗತಿಯೂ ಒಂದಿದೆ. ವೀರ್ಯಾಣು ಹುಟ್ಟಿ ಬಲಿತು ಹೊರಬರಲು ಸುಮಾರು ಮೂರು ತಿಂಗಳು ಬೇಕು, ಹೆಚ್ಚುಕಡಿಮೆ ಒಂದು ರಾಗಿ ಬೆಳೆಯ ಕಾಲ. ಮೂಳೆ ಸೇರಿದ ಸೀಸ ಬೇಗ ಹೋಗದಿದ್ದರೂ ರಕ್ತದಲ್ಲಿನದು ಕೆಲಸ ಬಿಟ್ಟ ಮೇಲೆ ತಿಂಗಳುಗಳಲ್ಲಿ ಇಳಿಯತೊಡಗುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಕೊರತೆ ಕಂಡವರು ಲೋಹದ ಮೂಲವನ್ನು ದೂರಮಾಡಿ ಮೂರು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ವೀರ್ಯ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ, ನೋವೂ ಇಲ್ಲ. ಮಾದರಿ ಕೊಡುವ ಮುನ್ನ ಎರಡರಿಂದ ಏಳು ದಿನ ಸಂಯಮದಲ್ಲಿರಬೇಕು. ವೈದ್ಯರ ಮುಂದೆ ತನ್ನ ಕೆಲಸ ಏನು, ಯಾವ ನೀರು, ಎಷ್ಟು ಬೀಡಿ ಎಂಬುದನ್ನು ಅವರು ಕೇಳದಿದ್ದರೂ ತಾನಾಗಿಯೇ ಹೇಳಬೇಕು.