ಡಬ್ಬಿ ತೆಗೆದಾಗ ಬರೋ ಪ್ರಶ್ನೆ

ಇವತ್ತಿನ ವಿಷಯ, ಮೊಬೈಲ್‌ನಲ್ಲಿ ಪರಿಚಯವಾದ ಅಡುಗೆ ಗೆಳೆಯರನ್ನ ಎದುರಿಗೆ ಭೇಟಿಯಾಗೋದು.

ಮಿರ್ಲೆ ಕಡೆ ಡಿಸೆಂಬರ್, ಜನವರಿ ಅಂದ್ರೆ ಅವರೆಕಾಯಿ ಕಾಲ. ಕಾಳು ನೆನೆಹಾಕಿ, ಹಿಸುಕಿ ಸಿಪ್ಪೆ ತೆಗೆದ್ರೆ ಹಿತಕಿದ ಬೇಳೆ. ಅದರ ಸಾರಿನ ವಿಡಿಯೋ ಹಾಕಿ ನೋಡಿ, ಹಾಸನದಿಂದ ಒಬ್ರು, ಮೈಸೂರಿಂದ ಒಬ್ರು ಮಾತಿಗೆ ಸಿಕ್ತಾರೆ. ಆಮೇಲೆ ಒಂದಿನ ಸೇರೋಣ ಅಂತೀರಿ. ಮೈಸೂರು–ಹಾಸನ ರೈಲು ದಾರಿಯಲ್ಲೇ ಕೆ.ಆರ್. ನಗರ ಇದೆ. ಅಲ್ಲಿಂದ ಚುಂಚನಕಟ್ಟೆಗೆ ಹೋದ್ರೆ ಕಾವೇರಿ ದಡದಲ್ಲೇ ಊಟ.

ಬುತ್ತಿಗೆ ಏನು? ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ತಗೊಳ್ಳಿ. ಹಸಿ ಕಾಯಿ ರುಬ್ಬಿದ ಚಟ್ನಿ, ಸಾರು ಬಿಸಿಲಿಗೆ ಬೇಗ ಹಳಸುತ್ತೆ.

ಇನ್ನೊಂದು ಮಾತು. ಗ್ರೂಪ್‌ನಲ್ಲಿ ಇಷ್ಟು ದಿನ ಕೇಳಿದ್ದು ಉಪ್ಪು, ಹುಳಿ, ಖಾರ ಮಾತ್ರ. ಎದುರಿಗೆ ಡಬ್ಬಿ ತೆಗೆದಾಗ ಯಾರಾದ್ರೂ ಮೆಲ್ಲಗೆ "ನೀವು ಯಾವ ಜನ?" ಅಂದುಬಿಡಬಹುದು. ಆ ಒಂದು ಮಾತಿಗೆ ಕೆಲವರ ಡಬ್ಬಿ ಮುಚ್ಚೇ ಉಳಿಯುತ್ತೆ. ಮಾಂಸ ತಿನ್ನಲ್ಲ, ಕಡಲೆಕಾಯಿ ಆಗಲ್ಲ ಅನ್ನೋದು ಬೇರೆ, ಅದನ್ನ ಮೊದ್ಲೇ ಹೇಳಿ. ಜಾತಿ ಕೇಳಿ ಕೈ ಹಿಂದಕ್ಕೆ ಎಳೆಯೋದು ಬೇರೆ. ಅಂಥ ಪ್ರಶ್ನೆ ಬಂದ್ರೆ ನೀವೇ ಮೊದ್ಲು ಆ ಡಬ್ಬಿಯಿಂದ ಒಂದು ತುತ್ತು ತಿಂದು, "ಇದಕ್ಕೆ ಏನೇನು ಹಾಕಿದ್ರಿ?" ಅಂತ ಕೇಳಿ.

ಮತ್ತೆ ಸಿಗೋಣ.