ದಿನಗಳೆಷ್ಟು ಎಂದಷ್ಟೇ ಕೇಳದಿರೋಣ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಯಕೃತ್ತಿನ ಕ್ಯಾನ್ಸರ್ ರೋಗಿಯನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಕರೆದೊಯ್ಯುವ ನಾವು ವೈದ್ಯರಲ್ಲಿ ಕೇಳುವುದು ‘ಇನ್ನೆಷ್ಟು ದಿನ?’ ಎಂದಷ್ಟೇ. ಆ ದಿನಗಳು ಹೇಗಿರಬೇಕೆಂದು ರೋಗಿಯನ್ನು ಕೇಳುವುದಿಲ್ಲ.

ವೈದ್ಯವಿಜ್ಞಾನ ಇಂದು ಅದನ್ನೂ ಕೇಳುತ್ತಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗ ಉಲ್ಬಣಿಸಿದವರು ಸ್ವತಃ ನೀಡಿದ ಉತ್ತರಗಳಂತೆ, ಅರ್ಧದಷ್ಟು ಮಂದಿಯ ಜೀವನ ಗುಣಮಟ್ಟ ಕುಸಿಯಲು ಸೊರಾಫೆನಿಬ್ ಮಾತ್ರೆಯಲ್ಲಿ 3.6 ತಿಂಗಳು, ಅಟೆಜೊಲಿಜುಮ್ಯಾಬ್-ಬೆವಾಸಿಜುಮ್ಯಾಬ್ ಚಿಕಿತ್ಸೆಯಲ್ಲಿ 11.2 ತಿಂಗಳು ಹಿಡಿಯಿತು.

ನಾವಾದರೋ ರೋಗದ ಹೆಸರನ್ನೇ ಮರೆಮಾಚುತ್ತೇವೆ. ಎಲ್ಲವನ್ನೂ ಊಹಿಸಿದ ರೋಗಿ ಒಂಟಿಯಾಗಿ ಕೊರಗುತ್ತಾನೆ. ರೋಗಿಯ ಸಂದರ್ಶನಕ್ಕೆ ಹೋದವರು ಉಪದೇಶಿಸುವ ಬದಲು ಆಲಿಸಲಿ. ನೋವು, ಖಿನ್ನತೆಗಳು ತಾಳ್ಮೆಯ ಕೊರತೆಯಲ್ಲ, ಅವಕ್ಕೂ ಚಿಕಿತ್ಸೆಯಿದೆ. ಉಪಶಾಮಕ ಆರೈಕೆಯನ್ನು ಕೊನೆಯ ಗಳಿಗೆಗೆ ಮುಂದೂಡದೆ ಮೊದಲ ಭೇಟಿಯಲ್ಲೇ ಕೇಳಿರಿ. ಮನಸ್ಸು ಕುಗ್ಗಿದಾಗ ರೋಗಿಯೂ ಆರೈಕೆ ಮಾಡುವವರೂ ಸರಕಾರದ ಉಚಿತ ಟೆಲಿ-ಮನಸ್ 14416ಕ್ಕೆ ಕರೆಮಾಡಬಹುದು.